ಕಾನಡಿ ಸಿಸ್ಟರ್

ನನ್ನ ಮಗಳು ಏನಾಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿದವರು ಸಟಾಣಾದಿಂದ ನಾಸಿಕಕ್ಕೆ ಬರುವ ಬಸ್ಸಿನ ಪ್ರಯಾಣಿಕರು. ಆಗ ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು. ಪರಿಚಯದವರ ಮದುವೆಯೊಂದನ್ನು ಮುಗಿಸಿಕೊಂಡು ನಾವಿಬ್ಬರೂ ಮನೆಗೆ ಮರಳುತ್ತಿದ್ದೆವು. ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಳ್ಳತೊಡಗಿದಳು. ಬಸ್ಸಿನಲ್ಲಿದ್ದವರೆಲ್ಲ ಮೂಗಿಗೆ ಸೆರಗು, ಕರವಸ್ತ್ರ ಹಿಡಿದು ಕಿಟಕಿಯತ್ತ ತಿರುಗಿದರು. ಸುಳ್ಳೇಕೆ ಹೇಳಲಿ, ನಾನೂ ತಿರುಗಿದೆ. ನನ್ನ ಮಗಳು ಮಾತ್ರ ಎದ್ದು ಹೋಗಿ ಆ ಮುದುಕಿಯ ಹಣೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮದುವೆಗೆಂದೇ ನಾನು ಕೂತು ಹೊಲಿದಿದ್ದ ಹೊಸ ಡ್ರೆಸ್ಸಿನ ಗತಿ ಏನಾಯಿತೆಂದು ಹೇಳುವುದು ಬೇಡ. "ಹೀ ಪೋರಗಿ ನರ್ಸ್ ಹೋಣಾರ್," ಈ ಹುಡುಗಿ ನರ್ಸೇ ಆಗುವವಳು, ಎಂದ ಕಂಡಕ್ಟರ್. ಇಡೀ ಬಸ್ಸು ಹೌದು ಹೌದು ಎಂದು ತಲೆಯಾಡಿಸಿತು. ಮುಖ ತಿರುಗಿಸಿಕೊಂಡು ಕೂತವರಿಗೆ ಇನ್ನೊಬ್ಬರ ಮಗಳ ಹಣೆಬರಹ ಹೇಳುವುದು ಎಷ್ಟು ಸಲೀಸು ನೋಡಿ! ನನಗೆ ಮೈಯೆಲ್ಲ ಉರಿದುಹೋಯಿತು.

ನಾವು ಬೀದರ್ ಜಿಲ್ಲೆಯವರು. ನನ್ನ ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುತ್ತಾರೆ. ಮಷಿನ್ನಿನಿಂದ ಬಂದ ಲೋಹದ ತುಂಡನ್ನು ಬೆಳಕಿಗೆ ಹಿಡಿದು ನೋಡುವುದು, ಕೂದಲೆಳೆಯಷ್ಟು ಬಿರುಕಿದ್ದರೂ ಕೆಂಪು ಬಣ್ಣ ಬಳಿದು ಆಚೆ ಎಸೆಯುವುದು ಅವರ ಕೆಲಸ. ಮನೆಯಲ್ಲೂ ಅವರ ಕಣ್ಣು ಹಾಗೆಯೇ. ನಾನು ಮಾಡಿದ ರೊಟ್ಟಿಯನ್ನು ಕೂಡ ಒಮ್ಮೆ ಬೆಳಕಿಗೆ ಹಿಡಿದೇ ಬಾಯಿಗೆ ಹಾಕಿಕೊಳ್ಳುತ್ತಾರೆ. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಇಬ್ಬರದೂ ಕಣ್ಣಿನ ಕೆಲಸ, ಕೈಯ ಕೆಲಸ. ಇಂಥ ಇಬ್ಬರ ಹೊಟ್ಟೆಯಲ್ಲಿ ಇಷ್ಟು ಮೆತ್ತನೆಯ ಮಗಳು ಹೇಗೆ ಹುಟ್ಟಿದಳೋ ನಮಗೆ ಇಂದಿಗೂ ಗೊತ್ತಿಲ್ಲ.

ಹನ್ನೆರಡನೆಯ ತರಗತಿಯಲ್ಲಿ ಅವಳ ಕಾಲೇಜಿನವರು ತಂದೆ ತಾಯಿಯರನ್ನೂ ಕರೆದು ಒಂದು ಮಾರ್ಗದರ್ಶನದ ಕಾರ್ಯಕ್ರಮ ಮಾಡಿದರು. ಟೈ ಕಟ್ಟಿದ್ದ ಒಬ್ಬ ಮನುಷ್ಯ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ, ಲೆಕ್ಕದಲ್ಲಿ ಚುರುಕಾದ ಮಕ್ಕಳಿಗೆ ಇಂಥ ಕೆಲಸ, ಮಾತಿನ ಮಲ್ಲರಿಗೆ ಇಂಥ ಕೆಲಸ ಎಂದು ಹಂಚುತ್ತ ಹೋದ. ಕರುಣೆ ಇರುವವರ ಸರದಿ ಬಂದಾಗ ನರ್ಸು, ಸಮಾಜ ಸೇವಕಿ, ಪ್ರಾಣಿಗಳ ಡಾಕ್ಟರು, ಅಂಗವಿಕಲ ಮಕ್ಕಳ ಶಿಕ್ಷಕಿ ಎಂದೆಲ್ಲ ಬಂತು. ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದರು. ಅವರೆಲ್ಲ ಕೆಲಸ ಮುಗಿಸಿ ಮನೆಗೆ ಹೋಗುವಾಗ ಮುಖ ಹೇಗಿರುತ್ತದೆ ಎಂಬ ಚಿತ್ರ ಅವನ ಹತ್ತಿರ ಇರಲಿಲ್ಲ. ಪಕ್ಕಕ್ಕೆ ನೋಡಿದರೆ ನನ್ನ ಮಗಳ ಕಣ್ಣು ಹೊಳೆಯುತ್ತಿತ್ತು. ಕೆಲಸ ಕೆಟ್ಟಿತು ಅಂದುಕೊಂಡೆ.

ಅವತ್ತು ಮನೆಯಲ್ಲಿ ದೊಡ್ಡ ರಂಪವಾಯಿತು. "ಸಿನ್ನರದಾಗ ಕಾರ್ಖಾನಿ ಲ್ಯಾಬಿನ ಕೆಲಸ ಸಿಗ್ತದ. ಕಬ್ಬಿಣ ಅಳಂಗಿಲ್ಲ, ನರಳಂಗಿಲ್ಲ. ಸಂಜಿಮುಂದ ಕೈ ತೊಳಕೊಂಡು ಮನಿಗಿ ಬಂದ್ರ ಮುಗೀತು," ಎಂದರು ನನ್ನ ಗಂಡ. ಅಪರೂಪಕ್ಕೆ ನಾನೂ ಅವರ ಪಕ್ಷವೇ. ನನ್ನ ವಾದ ಇಷ್ಟೇ: ಇನ್ನೊಬ್ಬರ ನೋವು ಕಂಡರೆ ಕರಗುವವರನ್ನು ಹುಡುಕಿ ಹುಡುಕಿ ನೋವಿರುವ ಕಡೆಗೇ ಕಳಿಸುವುದು ಯಾವ ನ್ಯಾಯ? ಅಲ್ಲಿಗೆ ಕಲ್ಲಿನಂಥವರು ಹೋಗಲಿ. ಮೆತ್ತನೆಯವರು ಸೀರೆ ಅಂಗಡಿಯಲ್ಲೋ ಹೂವಿನ ಅಂಗಡಿಯಲ್ಲೋ ಕೂತು ನಾಲ್ಕು ದಿನ ಸುಖವಾಗಿರಲಿ. ನನ್ನ ಮಾತು ಕೇಳಿ ಗಂಡ ನಕ್ಕರು. ಮಗಳೂ ನಕ್ಕಳು. ನಾನು ನಗಿಸಲೆಂದು ಹೇಳಿದ್ದಲ್ಲ. ಇಂದಿಗೂ ನಾನು ಹಾಗೆಯೇ ನಂಬಿದ್ದೇನೆ. ಆದರೆ ನಂಬಿಕೆಯಿಂದ ಏನೂ ಆಗಲಿಲ್ಲ. ಅವಳು ನರ್ಸಿಂಗ್ ಸೇರಿದಳು, ಓದು ಮುಗಿಸಿದಳು, ಸಂಭಾಜಿನಗರದ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಾರ್ಡಿಗೆ ಕೆಲಸಕ್ಕೆ ಹೋದಳು. ಬೇರೆ ವಾರ್ಡು ಇರಲಿಲ್ಲವೇನೆ ಎಂದು ಕೇಳಿದರೆ, ಅಲ್ಲಿಗೆ ಕೆಲಸಕ್ಕೆ ಯಾರೂ ಬರುವುದಿಲ್ಲ ಮಮ್ಮಿ, ಅದಕ್ಕೇ ಎಂದಳು.

ಇಲ್ಲಿ ಅವಳ ಕನ್ನಡದ ಬಗ್ಗೆ ಒಂದು ಮಾತು ಹೇಳಬೇಕು. ನಾಸಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳೆಲ್ಲರ ಹಾಗೆ ಅವಳಿಗೂ ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಅಷ್ಟಾಗಿ ಬರುವುದಿಲ್ಲ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಶಾಲೆ, ಪರೀಕ್ಷೆ, ಜಗಳ, ಗೆಳತಿಯರು, ದುಡಿಮೆ ಎಲ್ಲ ಮರಾಠಿ. ರೋಗ, ಔಷಧ ಎಲ್ಲ ಇಂಗ್ಲಿಷು. ಕನ್ನಡದಲ್ಲಿ ಅವಳ ಬಾಯಿಗೆ ಸಲೀಸಾಗಿ ಬರುತ್ತಿದ್ದುದು ನಾನು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳಿದ ಮಾತುಗಳು ಮಾತ್ರ: ಉಣ್ಣು, ಮಲಗು, ಅಳಬ್ಯಾಡ, ಏನೂ ಆಗಂಗಿಲ್ಲ, ಆರಾಮ ಆಗ್ತದ. ಜ್ವರ ಬಂದಾಗ, ಬಿದ್ದು ಮೊಣಕಾಲು ತರಚಿಕೊಂಡಾಗ ಇವನ್ನೇ ಹೇಳಿ ನಾನು ಅವಳನ್ನು ಸಮಾಧಾನ ಮಾಡುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಕನ್ನಡ ಅವಳಿಗೆ ನಾಸಿಕದಲ್ಲಿ ಯಾತಕ್ಕೂ ಬೇಕಾಗಿರಲಿಲ್ಲ.

ಸಂಭಾಜಿನಗರದಲ್ಲಿ ಮಾತ್ರ ಬೇಕಾಯಿತು. ಬೀದರ್, ಕಲಬುರಗಿ ಕಡೆಯ ರೋಗಿಗಳು ಆ ಆಸ್ಪತ್ರೆಗೆ ಆಗಾಗ ಬರುತ್ತಿದ್ದರು. ಅಂಥವರು ಬಂದರೆ ಸಾಕು, "ಕಾನಡಿ ಸಿಸ್ಟರ್‌ಲಾ ಬೋಲವಾ" ಎಂದು ಡಾಕ್ಟರುಗಳು ಕನ್ನಡದ ಸಿಸ್ಟರನ್ನು, ಅಂದರೆ ನನ್ನ ಮಗಳನ್ನು ಕರೆಸುತ್ತಿದ್ದರು. ಅವಳಿಗೆ ಅದರಲ್ಲಿ ತುಂಬ ಹೆಮ್ಮೆ. ಫೋನಿನಲ್ಲಿ ಹೇಳಿಕೊಂಡು ಹಿಗ್ಗುತ್ತಿದ್ದಳು. ನಾನೂ ಹಿಗ್ಗಿದೆ. ನಮ್ಮ ಭಾಷೆ ಹೀಗಾದರೂ ಅವಳ ಬಾಯಿಗೆ ಬಂತಲ್ಲ ಎಂದು ಗಂಡನಿಗೆ ಹೇಳಿದೆ.

ಆದರೆ ರಜೆಗೆ ಬಂದಾಗ ಅವಳು ಮೊದಲಿನ ಹಾಗಿರಲಿಲ್ಲ. ಸೊರಗಿದ್ದಳು. ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದಳು. ಮೊದಲಾದರೆ ಎಲ್ಲದಕ್ಕೂ ಕಣ್ಣೀರು ಹಾಕುತ್ತಿದ್ದವಳು ಈಗ ಅಳುವುದನ್ನೇ ಬಿಟ್ಟಿದ್ದಳು. ಅಳುವ ಮಗಳನ್ನು ಸಂಭಾಳಿಸಲು ನನಗೆ ಬರುತ್ತದೆ. ಅಳದ ಮಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಅದೇ ಹೊತ್ತಿಗೆ ನನ್ನ ಹತ್ತಿರ ಬ್ಲೌಸ್ ಹೊಲಿಸುವ ಟೀಚರೊಬ್ಬರು ತಮ್ಮ ಶಾಲೆಗೆ ಒಬ್ಬ ನರ್ಸು ಬೇಕಾಗಿದ್ದಾಳೆ ಎಂದರು. ನಾಸಿಕದಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಮಕ್ಕಳ ಹೊಟ್ಟೆನೋವು, ಆಟದಲ್ಲಿ ತರಚಿದ ಮೊಣಕಾಲು, ಅಷ್ಟೇ ಕೆಲಸ. ಕರುಣೆಯೂ ಬೇಕು, ಯಾರೂ ಸಾಯುವುದೂ ಇಲ್ಲ. ಇದಕ್ಕಿಂತ ಒಳ್ಳೆಯ ಕೆಲಸ ನನ್ನ ಮಗಳಿಗೆ ಇನ್ನೆಲ್ಲಿ ಸಿಗಬೇಕು? ಶೇಂಗಾ ಚಟ್ನಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು, ಅವಳನ್ನು ಕರೆದುಕೊಂಡೇ ಬರುತ್ತೇನೆ ಎಂದು ಗಂಡನಿಗೆ ಹೇಳಿ ಬೆಳಗಿನ ಬಸ್ಸು ಹತ್ತಿದೆ. ಯೇವಲಾ, ವೈಜಾಪುರ ದಾಟುವವರೆಗೂ ಅವಳ ಮುಂದೆ ಏನೇನು ವಾದ ಹೂಡಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ.

ಆಸ್ಪತ್ರೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಅವಳು ವಾರ್ಡಿನೊಳಗಿದ್ದಳು, ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ನಡುವಯಸ್ಸಿನ ಒಬ್ಬ ಗಂಡಸು ಫೋನಿನಲ್ಲಿ ಜೋರಾಗಿ ಕನ್ನಡ ಮಾತಾಡುತ್ತಿದ್ದ. ಹಣೆಯ ತುಂಬ ವಿಭೂತಿ. ಪರಸ್ಥಳದಲ್ಲಿ ನಮ್ಮ ಮಾತು ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಯಾವ ಊರು ಎಂದು ಕೇಳಿದೆ. ಸೇಡಂ ಕಡೆಯ ಹಳ್ಳಿ, ಕಿರಾಣಿ ಅಂಗಡಿ ಇದೆಯಂತೆ. ಹೆಂಡತಿಗೆ ಕ್ಯಾನ್ಸರು. ಅವಳ ಅಣ್ಣ ಇದೇ ಊರಿನ ಚಿಕಲಠಾಣಾದ ಕಾರ್ಖಾನೆಯಲ್ಲಿರುವುದರಿಂದ ಇಲ್ಲಿಗೆ ಕರೆತಂದಿದ್ದ. ಆ ಅಣ್ಣ ಎರಡು ದಿನದಿಂದ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಇವನಿಗೆ ಮರಾಠಿ ಒಂದಕ್ಷರ ಬಾರದು, ಹಿಂದಿ ಅಷ್ಟಕ್ಕಷ್ಟೆ.

ಆದರೂ ಮುಖದಲ್ಲಿ ಸಂತೋಷವಿತ್ತು. "ಊರಾಗ ಎಲ್ಲಾರೂ ಆಸೆ ಬಿಟ್ಟಿದ್ರಿ ಅಕ್ಕೋರ," ಎಂದ. "ಆಕಿ ಅವ್ವ ಬದುಕ್ಯಾಳ್ರಿ ಇನ್ನ. ಮಗಳ ಮುಖ ನೋಡ್ತೀನಂತ ಹಟ ಹಿಡದು ಗಾಡಿ ಕಳಿಸಿದ್ಲು. ಗಾಡಿ ಬಂದಿತ್ತು ಮುಂಜಾನೆ. ಆದ್ರ ಇಲ್ಲಿ ನಮ್ಮ ಸಿಸ್ಟರ್ ಒಬ್ರು ಅದಾರ, ಕನ್ನಡದವ್ರು. ಏನೂ ಆಗಂಗಿಲ್ರಿ, ಆರಾಮ ಆಗ್ತಾರ ಅಂದ್ರು. ಡಾಕ್ಟರ್ ಹೇಳಿದ್ದು ಎಲ್ಲಾ ತಿಳಿಸಿ ಹೇಳಿದ್ರು. ಗಾಡಿ ಹೊಳ್ಳಿ ಕಳಿಸಿದೆ. ಆರಾಮ ಆದಮ್ಯಾಲ ಇಬ್ರೂ ರೈಲಿಗಿ ಹೋಗ್ತೀವಿ."

ನಾನು ಉಬ್ಬಿಹೋದೆ. ಆ ಸಿಸ್ಟರ್ ನನ್ನ ಮಗಳೇ ಎಂದೆ. ಅವನು ಎದ್ದು ನಿಂತು ನನಗೆ ಕೈಮುಗಿದ. ಇಂಥ ಮಗಳನ್ನು ಹಡೆದ ಹೊಟ್ಟೆ ತಣ್ಣಗಿರಲಿ ಎಂದ. ನಾನು ತಂದಿದ್ದ ರೊಟ್ಟಿಯಲ್ಲಿ ಎರಡನ್ನು ಅವನಿಗೆ ಕೊಟ್ಟೆ.

ಮಗಳು ಹೊರಗೆ ಬಂದ ಮೇಲೆ ಕ್ಯಾಂಟೀನಿಗೆ ಹೋದೆವು. ಶಾಲೆಯ ಕೆಲಸದ ಮಾತು ತೆಗೆಯುವ ಮೊದಲು ಅವಳನ್ನು ಸ್ವಲ್ಪ ಖುಷಿಪಡಿಸೋಣವೆಂದು ಆ ಮನುಷ್ಯ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಗಾಡಿ ವಾಪಸು ಕಳಿಸಿದನಂತೆ ಎಂದೆ. ಅವಳ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

"ಗಾಡಿ ಯಾಕೆ ಕಳಿಸಿದರು?" ಎಂದು ಮರಾಠಿಯಲ್ಲಿ ಕೇಳಿದಳು. "ನಾನು ನಿನ್ನೆ ಎಲ್ಲಾ ಹೇಳಿದೆನಲ್ಲ. ಇನ್ನು ಯಾವ ಔಷಧಿಯೂ ಇಲ್ಲ, ಮನೆಗೆ ಕರೆದೊಯ್ಯುವುದಿದ್ದರೆ ತಕ್ಷಣ ಹೊರಡಿ ಎಂದು ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ."

ಹೇಗೆ ಹೇಳಿದೆ ಎಂದು ಕೇಳಿದೆ. ಹೇಳಿದಂತೆಯೇ ಮತ್ತೊಮ್ಮೆ ಹೇಳಿ ತೋರಿಸಿದಳು. "ಲಿವರ್ ಫೇಲ್ ಆಗ್ತದ್ರಿ, ಟ್ರೀಟ್‌ಮೆಂಟ್ ಬಂದ್ ಕರಾಯಚಿ, ಆತಾ ಫಕ್ತ ಕಂಫರ್ಟ್" ಎಂದು ಮೂರು ಭಾಷೆ ಕಲಸಿದ ಮಾತು: ಚಿಕಿತ್ಸೆ ನಿಲ್ಲಿಸಬೇಕು, ಇನ್ನು ನೋವು ಕಡಿಮೆ ಮಾಡುವುದಷ್ಟೇ ಎಂದರ್ಥ. ಇವಳ ಮುಖ ನೋಡುತ್ತ ಅವನು ತಲೆಯಾಡಿಸಿದನಂತೆ. ತಿಳಿಯಿತು ಅಂದುಕೊಂಡಳು. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು. ಇವಳಿಗೆ ತಡೆಯಲಾಗಲಿಲ್ಲ. ಅವನ ಕೈ ಹಿಡಿದು, ಮನೆಯಲ್ಲಿ ನಾನು ಹೇಳುತ್ತಿದ್ದ ಹಾಗೆ, ಅಳಬ್ಯಾಡ್ರಿ, ಏನೂ ಆಗಂಗಿಲ್ರಿ, ಆರಾಮ ಆಗ್ತಾರ ಎಂದಳು.

ನಿಜವಾದದ್ದೆಲ್ಲ ಅವನಿಗೆ ಬಾರದ ಮಾತಿನಲ್ಲಿತ್ತು. ಸಮಾಧಾನ ಮಾತ್ರ ಅಪ್ಪಟ ಕನ್ನಡದಲ್ಲಿತ್ತು. ಅವನು ತನ್ನ ಭಾಷೆಯಲ್ಲಿ ಕೇಳಿದ್ದನ್ನು ಕಟ್ಟಿಕೊಂಡು ಹೋದ. ಇದರಲ್ಲಿ ಯಾರನ್ನು ಬಯ್ಯಬೇಕೋ ನನಗೆ ತಿಳಿಯಲಿಲ್ಲ. ಬಯ್ಯಲು ಯಾರಾದರೂ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಮ್ಮಲ್ಲಿ ಹೋಗುವ ಜೀವವನ್ನು ಉಸಿರಿರುವಾಗಲೇ ಮನೆಗೆ ಒಯ್ಯುತ್ತಾರೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಸುತ್ತಲೂ ತನ್ನವರು, ತನ್ನ ಹೊಸ್ತಿಲು. ಅಷ್ಟು ಸಿಕ್ಕರೆ ಉಳಿದವರಿಗೂ ನೆಮ್ಮದಿ. ಅಲ್ಲಿ ಹಳ್ಳಿಯಲ್ಲಿ ಒಬ್ಬ ತಾಯಿ ಕಾದಿದ್ದಾಳೆ, ಇಲ್ಲಿ ಗಾಡಿ ವಾಪಸು ಹೋಗಿದೆ. ಅದು ನನ್ನ ಮಗಳಿಗೂ ಗೊತ್ತಿತ್ತು. ನಮ್ಮ ಮನೆಯಲ್ಲೇ ಅಜ್ಜಿಯನ್ನು ಹಾಗೆ ಕರೆತಂದದ್ದನ್ನು ಅವಳು ನೋಡಿದ್ದಳು.

ನಡೆಯೆ, ನಾನೇ ಹೇಳುತ್ತೇನೆ, ನನಗೆ ಕನ್ನಡ ಬರುತ್ತದೆ ಎಂದು ಎದ್ದೆ. ಅವಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಅವರು ನಂಬಿದ್ದು ನನ್ನ ಮಾತನ್ನು, ನಾನೇ ಹೇಳಬೇಕು, ನೀನು ನನಗೆ ಶಬ್ದ ಹೇಳಿಕೊಡು ಎಂದಳು. ಬೇಡವೆಂದೆ. ಬಯ್ದೆ. ಅವಳು ಜಗ್ಗಲಿಲ್ಲ. ಕ್ಯಾಂಟೀನಿನಿಂದ ವಾರ್ಡಿಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ನಿಂತು ನನ್ನ ಬಾಯನ್ನೇ ನೋಡತೊಡಗಿದಳು.

ನಾನು ಹೇಳಿದೆ. "ಇನ್ನ ಯಾರ ಕೈಯಾಗೂ ಇಲ್ರಿ. ಅವರು ಉಳಿಯಂಗಿಲ್ರಿ. ಮನಿಗಿ ಒಯ್ಯೂದಿದ್ರ ಈಗೇ ಒಯ್ರಿ."

ಅವಳು ನನ್ನ ಹಿಂದೆ ಹೇಳಿದಳು. ಮೊದಲು ಉಳಿಯಂಗಿಲ್ಲ ಎಂಬಲ್ಲಿ ತೊದಲಿದಳು. ಬಿಡಿಸಿ ಹೇಳಿಕೊಟ್ಟೆ. ಅವಳ ಗಲ್ಲ ಹಿಡಿದು ಇದು ಕಿವಿ, ಇದು ಮೂಗು, ಅಲ್ಲಿ ನೋಡು ಚಂದಪ್ಪ ಎಂದು ಹೇಳಿಕೊಟ್ಟ ಇದೇ ಬಾಯಿಂದ ಇದನ್ನೂ ಹೇಳಿಕೊಡಬೇಕಾಯಿತು. ಮೆಟ್ಟಿಲು ಹತ್ತಿ ಇಳಿಯುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಪೂರ್ತಿ ಬಂತು ಅನ್ನಿಸಿದ ಮೇಲೆ ಅವಳು ಮುಖ ಒರೆಸಿಕೊಂಡು ಮೇಲೆ ಹೋದಳು. ನಾನು ಹಿಂದೆ ಹೋದೆ.

ಅವನು ಬೆಂಚಿನ ಮೇಲೆ ಕೂತು ನಾನು ಕೊಟ್ಟ ರೊಟ್ಟಿ ತಿನ್ನುತ್ತಿದ್ದ. ಇವಳನ್ನು ಕಂಡು ಎದ್ದ. ಇವಳು ನಿಂತುಕೊಂಡೇ, ಕಲಿತಂತೆಯೇ, ಒಂದು ಶಬ್ದವನ್ನೂ ಬಿಡದೆ ಹೇಳಿದಳು. ಅವನು ರೊಟ್ಟಿಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ನನ್ನ ಕಡೆ ತಿರುಗಿ, "ಖರೇನ್ರಿ ಅಕ್ಕೋರ?" ಎಂದ. ನಾನು ತಲೆಯಾಡಿಸಿದೆ. ಆಮೇಲೆ ಅವನು ಫೋನು ತೆಗೆದು ಗಾಡಿಯವನಿಗೆ ಹಚ್ಚಿದ. ಗಾಡಿ ಬೀಡ್ ದಾಟಿ ಹೋಗಿತ್ತು. ಹೊಳ್ಳಿ ಬಾ, ಹೊಳ್ಳಿ ಬಾ ಎಂದು ಕೂಗಿದ. ನನ್ನ ಮಗಳು ಬೇರೆ ಆಂಬುಲೆನ್ಸಿಗೆ ಓಡಾಡಿದಳು. ಅಷ್ಟು ದೂರ ಬರುವವರು ಯಾರೂ ಆ ಹೊತ್ತಿನಲ್ಲಿ ಸಿಗಲಿಲ್ಲ. ಒಬ್ಬ ಒಪ್ಪಿಕೊಂಡ, ಆದರೆ ಅವನ ಗಾಡಿ ಬರುವ ಹೊತ್ತಿಗೆ ಡಾಕ್ಟರು ರೋಗಿಯನ್ನು ನೋಡಿ, ಈಗ ಅಲುಗಾಡಿಸಿದರೆ ಗೇಟು ದಾಟುವುದಿಲ್ಲ ಎಂದುಬಿಟ್ಟರು.

ಅವನ ಹೆಂಡತಿಯನ್ನು ನಾನು ಆಗಷ್ಟೇ ನೋಡಿದ್ದು. ನನಗಿಂತ ಚಿಕ್ಕವಳು. ಕಣ್ಣು ಬಾಗಿಲ ಕಡೆಗಿತ್ತು. ಅವ್ವ ಬಂದಳೇ ಎಂದು ಎರಡು ಸಲ ಕೇಳಿದಳು. ಅವನು ಊರಿಗೆ ಫೋನು ಹಚ್ಚಿ ಅವಳ ಕಿವಿಗೆ ಹಿಡಿದ. ಆ ಕಡೆಯಿಂದ ಮುದುಕಿಯ ದನಿ ಒಂದೇ ಸವನೆ ಏನೋ ಹೇಳುತ್ತಿತ್ತು. ಇವಳಿಗೆ ಎಷ್ಟು ಕೇಳಿಸಿತೋ ಶಿವನೇ ಬಲ್ಲ. ಹೊರಗಿನ ಬೆಳಕು ಇಳಿಯುವ ಮೊದಲೇ ಅವಳು ಹೋದಳು. ಮರಳಿ ಬಂದ ಊರ ಗಾಡಿಯಲ್ಲಿ ಅವಳನ್ನು ಮಲಗಿಸಿದರು.

ಅವನು ಜಗಳ ತೆಗೆಯುತ್ತಾನೆ, ನಾಲ್ಕು ಮಾತು ಅನ್ನುತ್ತಾನೆ ಎಂದು ನಾನು ಹೆದರಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿದ್ಧವಾಗಿಯೂ ಇದ್ದೆ. ಅವನು ಗಾಡಿ ಹತ್ತುವ ಮೊದಲು ನನ್ನ ಮಗಳ ಹತ್ತಿರ ಬಂದು, "ನಿನ್ನೆ ಹೇಳಬೇಕಿತ್ತವ್ವಾ," ಎಂದ. ಬರೀ ಅಷ್ಟೇ. ಗಾಡಿ ಹೋಯಿತು. ಬಯ್ದಿದ್ದರೆ ನಾನು ತಿರುಗಿ ಬಯ್ಯುತ್ತಿದ್ದೆ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡೆ.

ಮರುದಿನ ಬೆಳಿಗ್ಗೆ ಅವಳ ಕೋಣೆಯಲ್ಲಿ ನಾನು ಶಾಲೆಯ ಕೆಲಸದ ಮಾತು ತೆಗೆದೆ. ಇದೇ ಸರಿಯಾದ ಹೊತ್ತು, ಈಗ ಬಂದೇ ಬರುತ್ತಾಳೆ ಎಂದು ಒಳಗೊಳಗೇ ಆಸೆ ಇತ್ತು. ಅದು ಎಂಥ ಆಸೆಯೋ ನೀವೇ ಹೇಳಿ. ಅವಳು ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನಾ ಬಂದ್ರ ಇಲ್ಲಿ ಕಾನಡಿ ಲೋಕರಿಗೆ ಯಾರ ಹೇಳ್ತಾರ?" ಎಂದಳು. ಅವಳ ಬಾಯಿಂದ ಅಷ್ಟು ಉದ್ದದ ಕನ್ನಡ ತಾನಾಗಿ ಬಂದದ್ದು ಅದೇ ಮೊದಲು.

"ಯಾರೂ ಇಲ್ಲಂದ್ರ ದವಾಖಾನಿದವ್ರು ನೋಡ್ಕೋತಾರ. ಊರ ಮಂದಿಗೆಲ್ಲಾ ಹೇಳೂದು ನೀ ಗುತ್ತಿಗಿ ಹಿಡದೀಯೇನ?" ಎಂದು ರೇಗಿದೆ. ಕಣ್ಣೀರು ಹಾಕಿದೆ, ಹೆದರಿಸಿದೆ, ಅವಳ ಅಪ್ಪನಿಗೆ ಫೋನು ಹಚ್ಚಿ ಕೊಟ್ಟೆ. ಅವರು ಉಂಡೆಯೇನವ್ವಾ ಎಂದಷ್ಟೇ ಕೇಳಿದರು. ಜೀವಮಾನವಿಡೀ ಬಿರುಕು ಹುಡುಕಿದ ಮನುಷ್ಯನಿಗೆ ಮಗಳ ಮುಂದೆ ಬೇರೆ ಮಾತು ಸಿಗಲಿಲ್ಲ. ನಾನು ಕೈಚೆಲ್ಲಿ ಚೀಲ ಕಟ್ಟಿಕೊಂಡೆ.

ನನ್ನನ್ನು ಬಸ್ಸಿಗೆ ಹತ್ತಿಸಲು ಅವಳು ಸ್ಟ್ಯಾಂಡಿನವರೆಗೆ ಬಂದಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅವಳು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡು ಹುಮನಾಬಾದಿನ ಕಡೆಯ ರೋಗಿಯೊಬ್ಬಳ ಬಗ್ಗೆ ಹೇಳಿದಳು. ಮನೆಯಿಂದ ಯಾರನ್ನು ಕರೆಸುತ್ತೀರಿ ಎಂದು ಹೇಗೆ ಕೇಳಬೇಕು, ನೋವು ಕಡಿಮೆ ಮಾಡಬಹುದು ಆದರೆ ರೋಗ ಹೋಗುವುದಿಲ್ಲ ಎಂದು ಹೇಗೆ ಹೇಳಬೇಕು, ಒಂದೊಂದಾಗಿ ಕೇಳಿದಳು. ನಾನು ಹೇಳಿಕೊಟ್ಟೆ. ಅವಳು ನನ್ನ ಹಿಂದೆ ಹೇಳಿದಳು. ಪಕ್ಕದಲ್ಲಿ ಕೂತಿದ್ದ ಮರಾಠಿ ಹೆಂಗಸು, ಊರಿಗೆ ಹೋಗುವ ತಾಯಿಯ ಹತ್ತಿರ ಮಗಳು ಅಡಿಗೆ ಕೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡಳೋ ಏನೋ, ನಮ್ಮಿಬ್ಬರನ್ನೂ ನೋಡಿ ನಕ್ಕಳು.

ಬಸ್ಸು ಚಾಲೂ ಆಯಿತು. ಅವಳು ಸರಳು ಬಿಡದೆ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಬಂದಳು.

"ಮಮ್ಮಿ, ಸತ್ರು ಅಂತ ಅನ್ನಬಾರದಲ್ಲಾ? ಏನನ್ನಬೇಕು?"

"ತೀರಿಕೊಂಡ್ರು ಅನ್ನು," ಎಂದೆ.

"ತೀರಿಕೊಂಡ್ರು," ಎಂದಳು. ಸರಿಯಾಗಿಯೇ ಅಂದಳು.